ಮೂವತ್ತೊಂದನೇ ಪುಟದ ಪೆನ್ಸಿಲ್ ಸಾಲು

ಮಿರಜ, 11 ಫೆಬ್ರುವರಿ 2024

ಗುರುಸಿದ್ಧಪ್ಪ ಕಾಕಾ ಅವರಿಗೆ,

ಕ್ಷೇಮ ಎಂದು ಬರೆಯುವ ಜಾಗವನ್ನು ಈ ಸಲ ಖಾಲಿ ಬಿಟ್ಟಿದ್ದೇನೆ. ನಿಮ್ಮ ಕೈಕೆಳಗೆ ಕೆಲಸ ಕಲಿತ ಸಂಜು, ನನ್ನ ಮನೆಯವರು, ತೀರಿಕೊಂಡು ಇಂದಿಗೆ ಇಪ್ಪತ್ತಮೂರು ದಿನ. ವಡೋದರಾದಲ್ಲಿ ನಿಮ್ಮ ಅಕ್ಕನ ಮನೆಗೆ ಫೋನು ಮಾಡುತ್ತೇನೆಂದು ಶೆಡ್ಡಿನ ಪಾರಿಸ ಎರಡು ಸಲ ಹೊರಟ. ನಾನೇ ಬೇಡವೆಂದೆ. ನಲವತ್ತು ವರ್ಷ ರಬ್ಬರಿನ ಮಿಲ್ಲಿನ ಪಕ್ಕ ನಿಂತು ಕೇಳದಂತಾದ ನಿಮ್ಮ ಕಿವಿಗೆ ಈ ಸುದ್ದಿಯನ್ನು ಯಾರೋ ಕೂಗಿ ಹೇಳುವುದು ನನಗೆ ಸರಿ ಕಾಣಲಿಲ್ಲ.

ನೀವು ಹೋಗುವಾಗ ಕೊಟ್ಟ ನೋಟ್‌ಬುಕ್ಕಿನ ಮೂವತ್ತೊಂದನೇ ಪುಟದ ರಬ್ಬರನ್ನು ಇವರು ಮತ್ತೆ ಶುರು ಮಾಡಿದ್ದರು. ಮಾಲಗಾಂವದ ಭರತೇಶ ಹೋದ ವರ್ಷ ಬಂದು ಕೂತಿದ್ದ. ದ್ರಾಕ್ಷಿಗೆ ಔಷಧಿ ಹೊಡೆಯುವ ಪಂಪಿನ ಒಳಗಿನ ರಬ್ಬರ್ ತಟ್ಟೆ ಹಂಗಾಮಿನ ನಡುವೆಯೇ ಬಿರಿಯುತ್ತದೆ, ಏನಾದರೂ ಮಾಡಿರಿ ಎಂದ. ಇವರು ಐದು ಲೀಟರಿನ ಪಾತ್ರೆಯಲ್ಲಿ ನಾಲ್ಕು ಸಲ ಮಾಡಿದರು. ನಾಲ್ಕೂ ಚೆನ್ನಾಗಿ ಬಂದವು. ಜನವರಿ ಏಳಕ್ಕೆ, ರವಿವಾರ, ಕುಪವಾಡದ ಶೆಡ್ಡಿನಲ್ಲಿ ದೊಡ್ಡ ಪಾತ್ರೆ ಇಟ್ಟರು. ಪೆರಾಕ್ಸೈಡ್ ಹನಿಸುತ್ತಿದ್ದಾಗ ರಬ್ಬರಿನ ಹಾಲು ಉಕ್ಕಿ, ಮುಚ್ಚಳ ಹಾರಿ, ಎಲ್ಲವೂ ಮುಖದ ಮೇಲೆ, ಎದೆಯ ಮೇಲೆ ಬಂತು. ಪಾರಿಸ ಹೊರಗೆ ಎಳೆದುಕೊಂಡು ಬಂದ. ಹನ್ನೆರಡು ದಿನ ಇಲ್ಲಿಯ ಆಸ್ಪತ್ರೆಯಲ್ಲಿದ್ದರು. ಸುಟ್ಟ ಗಾಯ ಮಾಯುತ್ತಿತ್ತು, ಶ್ವಾಸಕೋಶ ಮಾಯಲಿಲ್ಲ.

ಇಷ್ಟು ತಿಳಿಸಲು ನಾಲ್ಕು ಸಾಲು ಸಾಕಾಗುತ್ತಿತ್ತು. ನಾನು ಬರೆಯುತ್ತಿರುವುದು ಒಂದು ಪ್ರಶ್ನೆಗೆ.

ಕುಪವಾಡದಲ್ಲಿ ಯಾರ ಕೈಗೆ ಸಿಕ್ಕರೂ ಅರ್ಥವಾಗಬಾರದೆಂದು ನೀವು ಎಲ್ಲವನ್ನೂ ಕನ್ನಡದಲ್ಲಿ ಬರೆದಿಟ್ಟಿದ್ದೀರಿ. ಇವರಿಗೆ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಓದಿದ್ದು ಮರಾಠಿ ಶಾಲೆಯಲ್ಲಿ. ನಾನು ಅಥಣಿಯಲ್ಲಿ ಅಜ್ಜಿಯ ಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋದವಳು. ಗಣಪತಿ ರಜೆಯ ಎರಡನೇ ದಿನ ಅಡುಗೆಮನೆಯ ಕಟ್ಟೆಯ ಹತ್ತಿರ ಕೂತು ನಾನು ಓದಿದೆ, ಇವರು ಮರಾಠಿಯಲ್ಲಿ ಇಳಿಸಿಕೊಂಡರು. "ಕಾಕಾನ ಬುಕ್ಕ ಅಂದ್ರ ಪಂಚಾಂಗ ನೋಡ, ರಬ್ಬರಿಗೂ ಮುಹೂರ್ತ ಬರದಾರ" ಎಂದು ನಗುತ್ತಿದ್ದರು. ಪುಟದ ತಳದಲ್ಲಿ ಪೆನ್ಸಿಲಿನಲ್ಲಿ ಒಂದೂವರೆ ಸಾಲು ಇತ್ತು. ಅಷ್ಟರಲ್ಲಿ ಗ್ಯಾಸಿನವನು ಬಂದ. ನಾನು ಎದ್ದೆ. "ಕೆಳಗ ಏನ ಬರದಾರ?" ಎಂದು ಇವರು ಕೇಳಿದರು.

"ಏನಿಲ್ರಿ, ಕಾಕಾಂದು ಯಾವಾಗ್ಲೂ ಇರೂ ಪುರಾಣ. ಮೊದ್ಲ ಚಾ ಕುಡೀರಿ" ಎಂದೆ.

ಓದಿರಲಿಲ್ಲ, ಕಾಕಾ. ಓದದೆ ಹೇಳಿದೆ.

ನೋಟ್‌ಬುಕ್ಕನ್ನು ತನಿಖೆಯವರು ಒಯ್ದಿದ್ದಾರೆ. ಅವರಲ್ಲಿ ಕನ್ನಡ ಓದುವವರು ಯಾರೂ ಇಲ್ಲವಂತೆ, ಓದುವವರನ್ನು ಹುಡುಕುತ್ತಿದ್ದಾರಂತೆ. ಆ ಒಂದೂವರೆ ಸಾಲಿನಲ್ಲಿ ಎಚ್ಚರಿಕೆಯ ಮಾತು ಇತ್ತೇ? ಈಗ ನಿಮಗೊಬ್ಬರಿಗೇ ಗೊತ್ತು. ಇತ್ತು ಅಥವಾ ಇರಲಿಲ್ಲ, ಒಂದು ಶಬ್ದ ಬರೆದರೂ ಸಾಕು.

ರೂಪಾಲಿ


ವಡೋದರಾ, 2 ಮಾರ್ಚ್ 2024

ರೂಪಾಲಿ,

ನಿನ್ನ ಕಾಗದ ಬಂದು ಹದಿಮೂರು ದಿನವಾಯಿತು. ಸಾಂತ್ವನದ ಮಾತುಗಳನ್ನು ಬರೆದು ನೋಡಿದೆ. ಬೇರೆ ಯಾರೋ ಬರೆದಂತೆ ಕಂಡವು, ಹರಿದೆ.

ಇರಲಿಲ್ಲ. ಪೆನ್ಸಿಲಿನ ಸಾಲು ಛತ್ತಿನ ಮೇಲಿನ ಹಲಗೆಯ ಬಗ್ಗೆ. ನಿನಗೆ ನೆನಪಿರಬೇಕು, ಹೊಸ ರಬ್ಬರು ಮಾಡಿದಾಗಲೆಲ್ಲ ಅದರ ಪಟ್ಟಿ ಕತ್ತರಿಸಿ, ಎಳೆದು, ಹಲಗೆಗೆ ಮೊಳೆ ಹೊಡೆದು ಬಿಸಿಲಿಗೆ ಇಡುತ್ತಿದ್ದೆವು. ಸುಮ್ಮನೆ ಬಿದ್ದ ರಬ್ಬರು ವರ್ಷಗಟ್ಟಲೆ ಚೆನ್ನಾಗಿಯೇ ಕಾಣುತ್ತದೆ. ಎಳೆದಾಗ ಮಾತ್ರ ಅದರ ದೋಷ ಗೊತ್ತಾಗುತ್ತದೆ. ಹಲಗೆಯನ್ನು ದಕ್ಷಿಣಕ್ಕೆ ಮುಖ ಮಾಡಿ ಇಡಬೇಕು ಎಂದು ಬರೆದಿದ್ದೆ, ಅಷ್ಟೆ. ನೀನು ಓದಿದ್ದರೂ ಏನೂ ಬದಲಾಗುತ್ತಿರಲಿಲ್ಲ.

ಒಂದೆರಡು ವಿಷಯ ತಿಳಿಸು. ದೊಡ್ಡ ಪಾತ್ರೆ ಎಂದರೆ ಎಷ್ಟು ದೊಡ್ಡದು? ಎಷ್ಟು ತಾಸು ಹನಿಸಿದ? ತಾಸಿನ ಅಂಕಿಯನ್ನು ಅವನು ಯಾರನ್ನಾದರೂ ಕೇಳಿದ್ದನೇ?

ಮಗಳು ಹರ್ಷದಾಳ ಪರೀಕ್ಷೆ ಹತ್ತಿರ ಬಂದಿರಬೇಕು. ಅವಳಿಗೆ ನನ್ನ ಆಶೀರ್ವಾದ ತಿಳಿಸು.

ಗುರುಸಿದ್ಧಪ್ಪ


ಮಿರಜ, 14 ಮಾರ್ಚ್ 2024

ಕಾಕಾ,

ಪಾತ್ರೆ ಅರವತ್ತು ಲೀಟರಿನದು, ಹಾಲಿನ ಡೇರಿಯವರು ಹಳೆಯದೆಂದು ಮಾರಿದ್ದು. ಎರಡು ತಾಸಿನಲ್ಲಿ ಮುಗಿಯುವಂತೆ ಹನಿಸುತ್ತಿದ್ದರು. ನಿಮ್ಮ ಪುಟದಲ್ಲಿ ಎರಡು ತಾಸು ಎಂದೇ ಇತ್ತು. ಅದನ್ನು ಓದಿದ್ದು ನಾನೇ, ಚೆನ್ನಾಗಿ ನೆನಪಿದೆ. ಗಡಿಯಾರ ಎದುರಿಗೆ ಇಟ್ಟುಕೊಂಡು ಕೂತಿದ್ದರು ಎಂದು ಪಾರಿಸ ಹೇಳಿದ. ಒಂದು ನಿಮಿಷ ಆಚೆ ಈಚೆ ಮಾಡುವವರಲ್ಲ. ಯಾರನ್ನು ಕೇಳುತ್ತಾರೆ? ಪುಸ್ತಕವೇ ಇತ್ತಲ್ಲ.

ನೀವು ಹಲಗೆಯ ಮಾತು ಬರೆದದ್ದನ್ನು ಮೂರು ಸಲ ಓದಿದೆ. ನನ್ನ ಮನಸ್ಸು ಕಾಯಲು ಬರೆದಿದ್ದೀರಿ ಅನಿಸಿತು. ನೀವು ಯಾವತ್ತೂ ಅಷ್ಟು ಉದ್ದ ಉತ್ತರ ಕೊಟ್ಟವರಲ್ಲ.

ನಿನ್ನೆ ಭರತೇಶ ಬಂದಿದ್ದ. ಸಣ್ಣ ಪಾತ್ರೆಯ ರಬ್ಬರಿನ ತಟ್ಟೆಗಳು ಇಡೀ ಹಂಗಾಮು ತಡೆದವಂತೆ. "ವೈನಿ, ಏನೂ ಆಗಿಲ್ರಿ, ಹೊಸಾದ್ದರಂಗ ಅದಾವ" ಎಂದು ಬಿಚ್ಚಿ ತಂದಿದ್ದ ಒಂದನ್ನು ನನ್ನ ಕೈಯಲ್ಲಿಟ್ಟ. ಆಮೇಲೆ ಅದನ್ನು ವಾಪಸು ತೆಗೆದುಕೊಳ್ಳುವುದೋ ಬಿಡುವುದೋ ತಿಳಿಯದೆ ಬಾಗಿಲಲ್ಲೇ ನಿಂತು ಅತ್ತ. ನಾನು ಒಳಗೆ ಹೋಗಿ ಅವನಿಗೆ ನೀರು ತಂದೆ.

ಮೊದಲನೇ ಸಲ ಮಾಡಿದ ರಬ್ಬರಿನಿಂದ ಇವರು ಒಂದು ಪಟ್ಟಿ ಕತ್ತರಿಸಿ ಕಪಾಟಿನಲ್ಲಿ ಇಟ್ಟಿದ್ದರು. "ಕಾಕಾಗ ತೋರಸ್ಬೇಕು" ಎನ್ನುತ್ತಿದ್ದರು. ಇದರೊಂದಿಗೆ ಕಳಿಸುತ್ತಿದ್ದೇನೆ.

ರೂಪಾಲಿ


ಮಿರಜ, 23 ಜೂನ್ 2024

ಕಾಕಾ,

ಮೂರು ತಿಂಗಳಾಯಿತು. ಪಟ್ಟಿ ತಲುಪಿತೋ ಇಲ್ಲವೋ ತಿಳಿಯಲಿಲ್ಲ. ನಿಮ್ಮ ಪ್ರಕೃತಿ ಸರಿಯಾಗಿದೆ ಎಂದುಕೊಂಡಿದ್ದೇನೆ.

ನಾನು ಒಂದು ತಪ್ಪು ಮಾಡಿದೆ. ಪೆನ್ಸಿಲಿನ ಸಾಲಿನ ವಿಷಯವನ್ನು ಹರ್ಷದಾಗೆ ಹೇಳಿಬಿಟ್ಟೆ. ಹೇಳಿದರೆ ಹಗುರವಾಗುತ್ತದೆ ಅನಿಸಿತ್ತು. ಅವಳು ಊಟದ ತಟ್ಟೆಯ ಮೇಲಿಂದ ಕೈ ತೆಗೆದು, "ಪಪ್ಪಾ ಕೇಳಿದ್ರೂ ನೀ ಓದಲೇ ಇಲ್ಲ?" ಎಂದಳು. ಅಷ್ಟೇ. ಮರುದಿನ ಬಟ್ಟೆ ತುಂಬಿಕೊಂಡು ಸಾಂಗಲಿಯ ಮಾವಶಿಯ ಮನೆಗೆ ಹೋದಳು. ಕಾಲೇಜು ಅಲ್ಲಿಂದ ಹತ್ತಿರ ಎಂದು ನನ್ನ ತಂಗಿ ಎಲ್ಲರಿಗೂ ಹೇಳುತ್ತಾಳೆ. ಮೇ ಆರರಿಂದ ಅವಳು ನನ್ನೊಡನೆ ಮಾತಾಡಿಲ್ಲ. ಫೋನು ಎತ್ತುತ್ತಾಳೆ, ಕಿವಿಗೆ ಹಿಡಿಯುತ್ತಾಳೆ, ಉಸಿರು ಕೇಳಿಸುತ್ತದೆ, ಇಡುತ್ತಾಳೆ. ನೀವು ಬರೆದ ಹಲಗೆಯ ಮಾತನ್ನು ಅವಳಿಗೆ ಕಳಿಸಿದೆ. "ಅಜ್ಜಾರು ನಿನ್ನ ಸಲವಾಗಿ ಸುಳ್ಳ ಬರದಾರ" ಎಂದು ಮಾವಶಿಯ ಕೈಯಲ್ಲಿ ಹೇಳಿಸಿದಳು.

ನಾನೂ ಹಾಗೇ ಅಂದುಕೊಂಡಿದ್ದೆ. ಅವಳ ಮೇಲೆ ಹೇಗೆ ಸಿಟ್ಟಾಗಲಿ?

ನಿಜವನ್ನು ಬರೆಯಿರಿ. ಎಚ್ಚರಿಕೆ ಇತ್ತೆಂದರೆ ನಾನು ಅದನ್ನು ಹೊತ್ತುಕೊಳ್ಳುತ್ತೇನೆ. ಹೊರಲು ಏನಾದರೂ ಗಟ್ಟಿಯಾದದ್ದು ಬೇಕು.

ರೂಪಾಲಿ


ವಡೋದರಾ, 9 ಜುಲೈ 2024

ರೂಪಾಲಿ,

ಪಟ್ಟಿ ತಲುಪಿತ್ತು. ಬಾಲ್ಕನಿಯಲ್ಲಿ ಹಲಗೆಗೆ ಎಳೆದು ಹೊಡೆದಿದ್ದೇನೆ. ದಿನಾಲೂ ಬೆಳಿಗ್ಗೆ ಭೂತಕನ್ನಡಿ ಹಿಡಿದು ನೋಡುತ್ತೇನೆ. ಅಕ್ಕ ಇದನ್ನು ನನ್ನ ಪೂಜೆ ಎನ್ನುತ್ತಾಳೆ.

ಹರ್ಷದಾ ವಿಜ್ಞಾನ ಓದುತ್ತಿದ್ದಾಳಲ್ಲ, ಅವಳಿಗೆ ಇದು ತಿಳಿಯುತ್ತದೆ. ನೈಟ್ರೈಲ್ ರಬ್ಬರು ಎಣ್ಣೆಗೆ ಹೆದರುವುದಿಲ್ಲ, ಬಿಸಿಲು ಗಾಳಿಗೆ ಹೆದರುತ್ತದೆ. ಅದರ ಸರಪಳಿಯಲ್ಲಿ ಅಲ್ಲಲ್ಲಿ ಜೋಡಿ ಬಂಧಗಳಿವೆ; ಗಾಳಿಯ ಓಝೋನು ಬಂದು ಕಡಿಯುವುದು ಅಲ್ಲಿಯೇ. ಮೂವತ್ತೊಂದನೇ ಪುಟದ ಕೆಲಸವೆಂದರೆ ಆ ಜಾಗಗಳಿಗೆ ಹೈಡ್ರೋಜನ್ ತುಂಬಿ ಮುಚ್ಚುವುದು. ಒಮ್ಮೆ ಸಂಜು ಕೇಳಿದ್ದ, "ಎಲ್ಲಾ ಮುಚ್ಚಿಬಿಟ್ರ ಏನಾಗತೈತ್ರಿ ಕಾಕಾ? ಯಾಕ ನೂರಕ್ಕ ಐದ ಬಿಡೂದು?" ಎಂದು. "ಎಲ್ಲಾ ಮುಚ್ಚಿದ್ರ ಗಂಧಕಕ್ಕ ಹಿಡಕೊಳ್ಳಾಕ ಜಾಗಾನ ಇರಂಗಿಲ್ಲೋ, ಯಾವ ಎಳಿನೂ ಯಾವುದಕೂ ಹತ್ತಂಗಿಲ್ಲ" ಎಂದೆ. ಅವನು ಕೈಯಲ್ಲಿದ್ದ ಪಟ್ಟಿಯನ್ನು ಒಮ್ಮೆ ಎಳೆದು ಬಿಟ್ಟ. ಆಮೇಲೆ, "ಅಂದ್ರ ನಿಮ್ಮಂಗ ಒಂಟಿ ಆಗತೈತಿ ಅನ್ರಿ" ಎಂದ. ಪಾರಿಸ ನಗುತ್ತ ಹೊರಗೆ ಓಡಿದ. ನಾನೂ ನಕ್ಕೆ ಎಂದು ನೆನಪು.

ನನಗೆ ಈ ವಿದ್ಯೆ ಕಲಿಸಿದವರು ಮುಂಬೈಯ ಒಬ್ಬ ಮುದುಕ ಉಸ್ತಾದರು. ಅವರ ಪದ್ಧತಿಯೊಂದನ್ನು ಹೇಳುತ್ತೇನೆ. ಬರೆದಿಟ್ಟ ಪ್ರತಿ ಪಾಕದಲ್ಲೂ ಒಂದು ಅಂಕಿಯನ್ನು ಬೇಕೆಂದೇ ತಪ್ಪು ಬರೆಯುತ್ತಿದ್ದರು. ಸರಿಯಾದದ್ದು ಬಾಯಿಂದ ಬಾಯಿಗೆ. ಪುಸ್ತಕ ಕಳುವಾದರೂ ವಿದ್ಯೆ ಕಳುವಾಗಬಾರದು ಎನ್ನುತ್ತಿದ್ದರು. ಹಳಬರೆಲ್ಲ ಹೀಗೇ ಮಾಡುತ್ತಿದ್ದರು. ಯಾಕೋ ಈಚೆಗೆ ಅವರು ನೆನಪಾಗುತ್ತಾರೆ.

ಇಲ್ಲಿ ಮಳೆ ಹಿಡಿದಿದೆ. ಪಟ್ಟಿ ಇನ್ನೂ ಬಿರಿದಿಲ್ಲ.

ಗುರುಸಿದ್ಧಪ್ಪ


ವಡೋದರಾ, 6 ಅಕ್ಟೋಬರ್ 2024

ರೂಪಾಲಿ,

ಜುಲೈಯ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಅದರಲ್ಲಿ ಉಸ್ತಾದರ ಹಿಂದೆ ನಾನು ನಿಂತಿದ್ದೆ. ನಿನಗೆ ಕಂಡಿರಲಿಕ್ಕಿಲ್ಲ. ಕಾಣದಿರಲಿ ಎಂದೇ ಹಾಗೆ ಬರೆದದ್ದು.

ಎರಡು ತಾಸು ಎಂಬುದು ಸುಳ್ಳು. ಆರು ತಾಸು ಹನಿಸಬೇಕು. ಸಣ್ಣ ಪಾತ್ರೆ ತನ್ನ ಬಿಸಿಯನ್ನು ಹೊರಗೆ ಬಿಟ್ಟುಕೊಡುತ್ತದೆ, ಎರಡು ತಾಸಿನ ಅವಸರವನ್ನೂ ತಡೆದುಕೊಳ್ಳುತ್ತದೆ. ಅದಕ್ಕೇ ನಾಲ್ಕು ಸಲ ಏನೂ ಆಗಲಿಲ್ಲ. ದೊಡ್ಡದು ಬಿಸಿಯನ್ನು ಒಳಗೇ ಇಟ್ಟುಕೊಳ್ಳುತ್ತದೆ. ಪುಸ್ತಕ ಬೇರೆಯವರ ಕೈಗೆ ಹೋದರೆ ಅವರಿಗೆ ನೊರೆ ಉಕ್ಕಿ ಮಾಲು ಕೆಡಲಿ ಎಂದು ಬರೆದ ಅಂಕಿ ಅದು. ಮನುಷ್ಯನ ಲೆಕ್ಕವನ್ನು ನಾನು ಹಿಡಿದಿರಲಿಲ್ಲ.

ಸಂಜುಗೆ ಬಾಯಿಂದ ಹೇಳಬೇಕಾಗಿತ್ತು. 2021ರ ಜೂನಿನಲ್ಲಿ ನಾನು ಹೊರಟ ದಿನ ಅವನು ಶಾಲು ಹೊದಿಸಿದ, ಪೇಡೆ ಹಂಚಿದ. ಪುಸ್ತಕವನ್ನು ಅವನ ಕೈಗಿಟ್ಟು "ಎಲ್ಲಾ ಅದರಾಗ ಐತಿ" ಎಂದೆ. ಇಷ್ಟೇನಾ ಕಾಕಾ, ಮತ್ತೇನಾದರೂ ಇದೆಯೇ ಎಂದು ಅವನು ಕೇಳಲಿ ಎಂದು ಕಾದೆ. ಅವನು ಪುಸ್ತಕವನ್ನು ಹಣೆಗೆ ಒತ್ತಿಕೊಂಡು ಚೀಲದಲ್ಲಿ ಇಟ್ಟ. ಆಮೇಲೆ ಎರಡು ವರ್ಷ ಬೇಸಿಗೆಯಲ್ಲಿ ಮನೂಕದ, ಒಣದ್ರಾಕ್ಷಿಯ, ಡಬ್ಬಿ ಕಳಿಸಿದ. ಎರಡು ಸಲವೂ ಒಳಗೆ ಚೀಟಿ ಇದೆಯೇ ಎಂದು ಹುಡುಕಿದೆ. ನನ್ನನ್ನು ಕೇಳುವ ಅಗತ್ಯವೇ ಅವನಿಗೆ ಉಳಿದಿಲ್ಲ ಅನಿಸಿತು. ಕೇಳುವವರೆಗೆ ಹೇಳುವುದಿಲ್ಲ ಎಂದು ಕೂತೆ. ಹೀಗೆ ಕೂಡುವುದಕ್ಕೆ ನಾನು ಬೇರೆ ಹೆಸರು ಇಟ್ಟುಕೊಂಡಿದ್ದೆ, ಶಿಸ್ತು ಎಂದು.

ಪಟ್ಟಿಯ ವಿಷಯ. ಅದು ಬಿರಿಯಲಿ ಎಂದು ಕಾದಿದ್ದೆ. ಬಿರಿದಿದ್ದರೆ, ಸಂಜು ಬೇರೆಲ್ಲೋ ಎಡವಿದ್ದಾನೆ, ತಾಸು ಒಂದೇ ಕಾರಣವಲ್ಲ ಎಂದು ನನಗೆ ನಾನು ಹೇಳಿಕೊಳ್ಳಬಹುದಿತ್ತು. ಬೇಸಿಗೆ ಕಳೆಯಿತು, ಮಳೆ ಕಳೆಯಿತು. ಇವತ್ತಿಗೆ ಆರು ತಿಂಗಳು. ಭೂತಕನ್ನಡಿಗೂ ಒಂದು ಗೆರೆ ಸಿಗಲಿಲ್ಲ. ಅವನು ನಾನು ಬರೆದದ್ದನ್ನೆಲ್ಲ, ಬರೆದ ಹಾಗೆಯೇ ಮಾಡಿದ್ದಾನೆ.

ಈ ಕಾಗದವನ್ನು ಹರ್ಷದಾಗೆ ತೋರಿಸು. ತನಿಖೆಯವರಿಗೂ ಕೊಡು. ಪೆನ್ಸಿಲಿನ ಸಾಲು ಮಾತ್ರ ಹಲಗೆಯ ಬಗ್ಗೆಯೇ, ಅದರಲ್ಲಿ ಬೇರೇನೂ ಇಲ್ಲ. ನಿನ್ನ ತಪ್ಪು ಎಳ್ಳಷ್ಟೂ ಇಲ್ಲ. ಇದನ್ನು ಅವಳಿಗೆ ಸ್ಪಷ್ಟವಾಗಿ ಹೇಳು.

ಗುರುಸಿದ್ಧಪ್ಪ


ಮಿರಜ, 7 ಅಕ್ಟೋಬರ್ 2024

ಕಾಕಾ,

ನೋಟ್‌ಬುಕ್ ಇವತ್ತು ವಾಪಸು ಬಂತು. ಕನ್ನಡ ಓದುವವರು ಸಿಗಲಿಲ್ಲವೋ, ಹುಡುಕುವುದನ್ನೇ ಬಿಟ್ಟರೋ ಗೊತ್ತಿಲ್ಲ. ಅಪಘಾತ ಎಂದು ಬರೆದು ಮುಗಿಸಿದ್ದಾರೆ. ಸಹಿ ಹಾಕಿ ತೆಗೆದುಕೊಂಡೆ, ರಿಕ್ಷಾದಲ್ಲೇ ತೆಗೆದು ನೋಡಿದೆ.

ಪೆನ್ಸಿಲಿನ ಸಾಲನ್ನು ಇದ್ದ ಹಾಗೇ ಬರೆಯುತ್ತೇನೆ: "ತಾಸಿನ ಅಂಕಿ ಇಲ್ಲಿರುವುದಲ್ಲ. ಸಂಜು ಕೇಳಿದರೆ ಹೇಳುವುದು."

ಎರಡು ತಾಸು ಎಂದು ಓದಿದಾಗ ಇವರ ಪೆನ್ನು ನಿಂತಿತ್ತು. ನಿಮಗೆ ಇದನ್ನು ತಿಳಿಸಿರಲಿಲ್ಲ. ಯಾರನ್ನಾದರೂ ಕೇಳಿದ್ದನೇ ಎಂದು ನೀವು ಮಾರ್ಚಿನಲ್ಲಿ ಬರೆದಾಗಲೂ ಮುಚ್ಚಿಟ್ಟೆ, ನಿಮಗೆ ನೋವಾದೀತೆಂದು. "ಎರಡ ತಾಸ ಭಾಳ ಕಡಿಮಿ ಅನಸ್ತೈತಿ. ಕಾಕಾಗ ಒಂದ ಕಾಗದ ಬರದ ಕೇಳೂಣೇನ?" ಎಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ ತಾವೇ, "ಬ್ಯಾಡ ಬಿಡ. ಕೊಟ್ಟ ಬುಕ್ಕಿನ ಮ್ಯಾಲ ಸಂಶೇ ಪಟ್ಟಂಗ ಆಗತೈತಿ. ಕಾಕಾಗ ಬ್ಯಾಸರ ಆದೀತು" ಎಂದರು. ಅದಾಗಿ ಹತ್ತು ನಿಮಿಷಕ್ಕೆ ಗ್ಯಾಸಿನವನು ಬಂದ.

ಕೇಳಲು ಅವರಿಗೆ ಒಂದು ನೆವ ಬೇಕಾಗಿತ್ತು. ಅದು ಪುಟದ ತಳದಲ್ಲಿತ್ತು. ನಾನು ಅದರ ಮೇಲೆ ಚಹಾದ ಕಪ್ಪು ಇಟ್ಟೆ. ಪೆನ್ಸಿಲಿನ ಪಕ್ಕ ಅರ್ಧ ಚಂದ್ರದ ಕಲೆ ಇನ್ನೂ ಇದೆ.

ರೂಪಾಲಿ


ಮಿರಜ, 20 ಅಕ್ಟೋಬರ್ 2024

ಕಾಕಾ,

ನಮ್ಮಿಬ್ಬರ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ನಿಮ್ಮದು ದಸರೆಯ ಮುನ್ನಾದಿನ ಬಂತು. ಹಬ್ಬದ ದಿನ ನನ್ನ ತಂಗಿ ಹರ್ಷದಾಳನ್ನು ಕರೆದುಕೊಂಡು ಬಂದಳು, ಬಿಟ್ಟು ತಾನು ಹೊರಗೆ ಹೋದಳು.

ಹರ್ಷದಾಗೆ ಕನ್ನಡ ಓದಲು ಬರುವುದಿಲ್ಲ, ನಿಮಗೆ ಗೊತ್ತಿದೆ. ನಾನೇ ಓದಿ ಹೇಳಬೇಕಾಯಿತು. ಅದೇ ಅಡುಗೆಮನೆಯಲ್ಲಿ, ಅದೇ ಕಟ್ಟೆಯ ಹತ್ತಿರ. ಅವಳು ಇವರ ಜಾಗದಲ್ಲಿ ಕೂತಿದ್ದಳು. ತಾಸಿನ ಮಾತು ಓದಿದೆ, ಶಾಲಿನ ಮಾತು ಓದಿದೆ, ಮನೂಕದ ಡಬ್ಬಿಯ ಮಾತು ಓದಿದೆ. ಕೊನೆಯಲ್ಲಿ ನಿನ್ನ ತಪ್ಪು ಎಳ್ಳಷ್ಟೂ ಇಲ್ಲ ಎಂಬಲ್ಲಿಗೆ ಬಂದೆ. ಅದನ್ನೂ ಓದಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳ ಮುಖ ಸಡಿಲಾಗುತ್ತಿತ್ತು, ಕೈ ನನ್ನ ಕಡೆ ಅರ್ಧ ಬಂದಿತ್ತು.

ನಾನು ನೋಟ್‌ಬುಕ್ ತೆಗೆದೆ, ಮೂವತ್ತೊಂದನೇ ಪುಟವನ್ನು ತಳದವರೆಗೂ ಓದಿದೆ. ಈ ಸಲ ಏನೂ ಬಿಡಲಿಲ್ಲ.

ಅವಳ ಕೈ ಅಲ್ಲೇ ಕಟ್ಟೆಯ ಮೇಲೆ ಉಳಿಯಿತು. ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, "ಇದರಾಗ ಪಪ್ಪಾನ ಹೆಸರ ಯಾವುದು?" ಎಂದಳು. ತೋರಿಸಿದೆ. ಎರಡೇ ಅಕ್ಷರ. ಅದರ ಮೇಲೆ ಬೆರಳಾಡಿಸಿದಳು, ಆಮೇಲೆ ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ನೋಡಿಕೊಂಡು ಬರೆದಳು. ಮೊದಲನೆಯದು ತಪ್ಪಾಯಿತು. ಹೊಡೆದು ಮತ್ತೆ ಬರೆದಳು. ನನ್ನನ್ನು ಕ್ಷಮಿಸಿದಳು ಎಂದು ನಾನು ಹೇಳುತ್ತಿಲ್ಲ. ರಾತ್ರಿ ಸಾಂಗಲಿಗೇ ವಾಪಸಾದಳು. ಆದರೆ ಹೋಗುವಾಗ ಬಾಗಿಲಲ್ಲಿ ನಿಂತು, "ಮಮ್ಮಿ, ಬಾಕಿ ಪುಟದಾಗೂ ಹಿಂಗ ಸುಳ್ಳ ಅದಾವೇನು?" ಎಂದು ಕೇಳಿದಳು. ಐದು ತಿಂಗಳಲ್ಲಿ ಅವಳು ನನ್ನನ್ನು ಕೇಳಿದ ಎರಡನೇ ಪ್ರಶ್ನೆ. ಮೊದಲನೆಯದು ಅವಳ ಅಪ್ಪನ ಹೆಸರು.

ಶೆಡ್ಡನ್ನು ಪಾರಿಸ ನಡೆಸುತ್ತಿದ್ದಾನೆ. ಇವತ್ತಲ್ಲ ನಾಳೆ ಆ ಪುಸ್ತಕವನ್ನು ತೆರೆಯುತ್ತಾನೆ, ನನ್ನಿಂದಲೇ ಓದಿಸುತ್ತಾನೆ. ನೀವು ಬರುವುದು ಬೇಡ. ಕ್ಷಮೆಯ ಮಾತೂ ಬೇಡ; ಅದಕ್ಕೆ ಉತ್ತರ ಬರೆಯುವ ಶಕ್ತಿ ನನಗಿಲ್ಲ. ಹದಿನೇಳು ಪಾಕಗಳಿವೆ. ಪ್ರತಿಯೊಂದರ ನಿಜವಾದ ಅಂಕಿ ಬರೆದು ಕಳಿಸಿರಿ. ನಾನು ಓದುತ್ತೇನೆ, ಮರಾಠಿಯಲ್ಲಿ ಹರ್ಷದಾ ಬರೆಯುತ್ತಾಳೆ. ಬರೆಯುತ್ತೇನೆ ಎಂದು ಅವಳು ಹೇಳಿಲ್ಲ. ರವಿವಾರ ಬರುತ್ತೇನೆ ಎಂದು ಮಾತ್ರ ಹೇಳಿದ್ದಾಳೆ.

ಕೇಳುತ್ತಿದ್ದೇನೆ, ಕಾಕಾ. ಇವರ ಪರವಾಗಿ.

ರೂಪಾಲಿ


ವಡೋದರಾ, 2 ನವೆಂಬರ್ 2024

ರೂಪಾಲಿ,

ಉಳಿದ ಹದಿನಾರು ಪಾಕಗಳ ಸರಿಯಾದ ಅಂಕಿಗಳನ್ನು ಬೇರೆ ಕಾಗದದಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಎರಡು ಕಡೆ ನನಗೇ ನೆನಪಿಲ್ಲ. ಅಲ್ಲಿ ನೆನಪಿಲ್ಲ ಎಂದೇ ಬರೆದಿದ್ದೇನೆ. ಅವೆರಡನ್ನು ಮಾಡಬೇಡಿರಿ.

ಮೂವತ್ತೊಂದನೆಯದನ್ನು ಇಲ್ಲಿಯೇ ಬರೆಯುತ್ತೇನೆ. ಎರಡು ತಾಸು ಎಂಬಲ್ಲಿ ಆರು ತಾಸು, ಐದು ಲೀಟರಿನ ಪಾತ್ರೆಗೆ. ಅರವತ್ತು ಲೀಟರಿನದಕ್ಕೆ ಎಷ್ಟು ಎಂದು ನನಗೆ ಗೊತ್ತಿಲ್ಲ. ದೊಡ್ಡ ಪಾತ್ರೆಯಲ್ಲಿ ನಾನು ಎಂದೂ ಮಾಡಿದವನಲ್ಲ. ಸಂಜು ಕೇಳಿದ್ದರೆ ಇದನ್ನೇ ಹೇಳಬೇಕಾಗುತ್ತಿತ್ತು, ಗೊತ್ತಿಲ್ಲ ಎಂದು. ಅವನೆದುರು ಆ ಮಾತು ನನ್ನ ಬಾಯಿಂದ ಬರುತ್ತಿತ್ತೇ ಎಂದು ಹತ್ತು ದಿನದಿಂದ ಯೋಚಿಸುತ್ತಿದ್ದೇನೆ.

ಪಟ್ಟಿಯನ್ನು ಹಲಗೆಯಿಂದ ಬಿಡಿಸಿ ಕಳಿಸುತ್ತಿದ್ದೇನೆ. ಮೊಳೆ ತೆಗೆದ ಕೂಡಲೇ ತನ್ನ ಮೊದಲಿನ ಉದ್ದಕ್ಕೆ ಹೋಯಿತು. ಹರ್ಷದಾಗೆ ಕೊಡು.

ನೀನು ಕೇಳಿದೆ. ಹೇಳಿದ್ದೇನೆ.

ಗುರುಸಿದ್ಧಪ್ಪ